ಯಲ್ದೂರಿನ ತೋಟದಲ್ಲಿ ಆಡಿದ ಮಾತು

ಕೃಷ್ಣಮ್ಮ ತೀರಿಕೊಂಡ ಮೇಲೆ ನನಗೆ ಒಂದು ಕಡೆ ಕೂರುವುದು ಸಾಧ್ಯವಾಗದೆ ಹೋಯಿತು. ಮೂವತ್ತಾರು ವರ್ಷ ಜೊತೆಯಲ್ಲಿದ್ದ ನನ್ನ ಹೆಂಡತಿ ಎಪ್ಪತ್ತೊಂಬತ್ತರ ಕಾರ್ತಿಕದಲ್ಲಿ, ಮೂರು ದಿನದ ಜ್ವರದಲ್ಲಿ ಹೊರಟುಹೋದಳು. ಬೆಳಗಿನ ಸ್ನಾನ, ಸಂಧ್ಯಾವಂದನೆ, ದೇವರ ಪೂಜೆ ಮುಗಿಯುವವರೆಗೆ ಮನಸ್ಸು ಹೇಗೋ ಹಿಡಿತದಲ್ಲಿರುತ್ತಿತ್ತು. ಆಮೇಲೆ ಅಡಿಗೆಮನೆಯಲ್ಲಿ ಸದ್ದಿಲ್ಲದಿರುವುದು ಕಿವಿಗೆ ಬೀಳತೊಡಗುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. ಆವನಿ, ಕುರುಡುಮಲೆ, ಕೋಲಾರ, ಬಸ್ಸು ಎಲ್ಲಿಗೋ ಅಲ್ಲಿಗೆ. ದೇವರ ದರ್ಶನಕ್ಕೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ದೇವರ ಎದುರು ನಿಂತರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂಬ ಯೋಚನೆ ಬರುತ್ತಿತ್ತು.

ಎಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಹೀಗೆಯೇ ಚಿಕ್ಕತಿರುಪತಿಗೆ ಹೋಗಿ, ಸಂಜೆ ಮಾಲೂರಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಗೋಡೆಯ ಮೇಲೆ ಒಂದು ಸಿನಿಮಾದ ಪೋಸ್ಟರು ಅಂಟಿಸಿದ್ದರು. ಆ ಚಿತ್ರದ ಹೆಸರು ನನಗೆ ಗೊತ್ತಿತ್ತು. ಅದರಲ್ಲಿ ನನ್ನ ತಮ್ಮ ರಮಣನೂ ಅವನ ಜೊತೆಗಾರ ಪೀರ್ ಸಾಬರೂ ಒಂದು ಸಣ್ಣ ಪಾತ್ರ ಮಾಡಿದ್ದರು. "ಆ ಪಿಕ್ಚರ್ ಬಂದಾಗ ಮೊದಲನೇ ದಿನವೇ ನನ್ನ ಕರ್ಕೊಂಡು ಹೋಗ್ಬೇಕು ನೋಡಿ, ಆಮೇಲೆ ಏಕಾದಶಿ ಗೀಕಾದಶಿ ಅನ್ನಬಾರದು" ಎಂದು ಕೃಷ್ಣಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳ ವರ್ಷಾಬ್ದಿಕ ಇನ್ನೂ ಆಗಿರಲಿಲ್ಲ. ಅಂಥವನು ಸಿನಿಮಾ ನೋಡಬಾರದು. ಆದರೂ ಅವಳಿಗೆ ಕೊಟ್ಟ ಮಾತಲ್ಲವೆ ಎಂದು ಸಮಾಧಾನ ಹೇಳಿಕೊಂಡು ಪಕ್ಕದ ಟೆಂಟಿನಲ್ಲಿ ಟಿಕೆಟ್ ತೆಗೆದುಕೊಂಡೆ.

ರಮಣ ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವನು. ವೆಂಕಟರಮಣ ಎಂಬ ಪೂರ್ತಿ ಹೆಸರಿನಿಂದ ಅವನನ್ನು ಯಾರೂ ಕರೆಯುವುದಿಲ್ಲ. ನಮ್ಮೂರು ಮುಳಬಾಗಿಲಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಕ್ರಯಪತ್ರ, ಭೋಗ್ಯಪತ್ರ ಬರೆಯುವುದು ಅವನ ಕಸುಬು. ಅದಕ್ಕಿಂತ ಹೆಚ್ಚಾಗಿ ಜನ ಅವನನ್ನು ಬಲ್ಲದ್ದು ಪೌರಾಣಿಕ ನಾಟಕಗಳ ರಾಣಿಯಾಗಿ. ಹೆಣ್ಣು ಪಾತ್ರವೆಂದು ಅವನು ಎಂದೂ ದನಿಯನ್ನು ಸಣ್ಣ ಮಾಡಿದವನಲ್ಲ. ತುಂಬು ದನಿ, ಸ್ವಲ್ಪ ಒಡಕು. ಸೀರೆ ಉಟ್ಟು ರಂಗಕ್ಕೆ ಬಂದು ಬಾಯಿ ತೆರೆದರೆ, ಊರಾಚೆ ಗಾಡಿಯಲ್ಲಿ ಮಲಗಿದವರೂ ಎದ್ದು ಕೂರುತ್ತಿದ್ದರು.

ಪೀರ್ ಸಾಬರು ಆ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವರು. ಹಗಲು ಹಾರ್ಮೋನಿಯಂ ರಿಪೇರಿ, ಗ್ಯಾಸ್‌ಲೈಟ್ ರಿಪೇರಿ. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು. ರಮಣನಿಗೆ ಎರಡು ಸಲ ಹೆಣ್ಣು ನೋಡಿದೆ, ಎರಡು ಸಲವೂ ಒಲ್ಲೆನೆಂದ. ನಾಟಕದ ಹುಚ್ಚು ಎಂದು ನಾನು ಅದಕ್ಕೆ ಹೆಸರಿಟ್ಟೆ. ಊರೂ ಹಾಗೆಯೇ ಅಂದುಕೊಂಡಿತು, ಅಥವಾ ಹಾಗೆ ಅಂದುಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು. ಕೃಷ್ಣಮ್ಮ ಮಾತ್ರ ಯಾವ ಹೆಸರನ್ನೂ ಇಡಲಿಲ್ಲ. ಹಬ್ಬಕ್ಕೆ ಕರೆಯುವಾಗ "ಇಬ್ಬರೂ ಬನ್ನಿ" ಎನ್ನುತ್ತಿದ್ದಳು. ಒಬ್ಬನನ್ನೇ ಎಂದೂ ಕರೆದವಳಲ್ಲ.

ಹಿಂದಿನ ಮೇ ತಿಂಗಳಲ್ಲಿ ಮದ್ರಾಸಿನಿಂದ ಸಿನಿಮಾದವರು ಯಲ್ದೂರಿನ ಒಂದು ಮಾವಿನ ತೋಟಕ್ಕೆ ಬಂದಿದ್ದರು. ತೋಟ ಕಾಯುವ ಇಬ್ಬರು ನಡುವಯಸ್ಸಿನ ಗೆಳೆಯರ ಪಾತ್ರಕ್ಕೆ ಜನ ಬೇಕೆಂದು ಕೇಳಿಕೊಂಡು ಅವರ ಕಡೆಯವನೊಬ್ಬ ಮುಳಬಾಗಿಲಿಗೆ ಬಂದ. ರಮಣ ನನ್ನನ್ನು ಕೇಳಿದ. ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ನಿವೃತ್ತನಾದ ನನ್ನ ಒಪ್ಪಿಗೆ ಇಲ್ಲದೆ ಅವನು ಅಂಥದಕ್ಕೆಲ್ಲ ಕೈಹಾಕುತ್ತಿರಲಿಲ್ಲ. ಪಾತ್ರ ಮರ್ಯಾದೆಯದೇ ತಾನೆ ಎಂದು ವಿಚಾರಿಸಿ, ಆಗಲಿ ಎಂದು ನಾನೇ ಹೇಳಿದೆ. ಅವರ ಜೊತೆ ತೋಟಕ್ಕೂ ಹೋದೆ.

ಗುಡಿಸಲಿನ ಮುಂದೆ ಇಬ್ಬರನ್ನೂ ಕೂರಿಸಿದರು. ಸಾಬರು ಬಿಸಿಲಿನಿಂದ ಬಂದು ಕೂರಬೇಕು, ರಮಣ ಊಟಕ್ಕೆ ಬಡಿಸಬೇಕು, ಅಷ್ಟೇ.

"ನಾವು ಏನು ಮಾತಾಡ್ಬೇಕು ಸಾರ್?" ಎಂದ ರಮಣ.

"ಏನಾದ್ರೂ ಆಡ್ರಿ. ಮನೇಲಿ ಮಾತಾಡೋ ಹಂಗೆ. ತುಟಿ ಆಡ್ತಾ ಇದ್ರೆ ಸಾಕು" ಎಂದರು ಡೈರೆಕ್ಟರು.

ಅದರ ಅರ್ಥ ನಮಗೆ ಮೂವರಿಗೂ ತಿಳಿಯಲಿಲ್ಲ. ನಾಟಕ ಬಲ್ಲವರು ನಾವು. ಆಡಿದ ಮಾತು ಆಡಿದವನದೇ ದನಿಯಲ್ಲಿ ಜನಕ್ಕೆ ಮುಟ್ಟುತ್ತದೆ ಎಂದು ನಂಬಿದವರು. ಆ ದೊಡ್ಡ ಯಂತ್ರ ನೋಡುವುದರ ಜೊತೆಗೆ ಕೇಳಿಸಿಕೊಳ್ಳುತ್ತದೆ ಎಂದುಕೊಂಡಿದ್ದೆವು. ಅದಕ್ಕೆ ಕೇಳಿಸಲಿ ಎಂದು ರಮಣ ದನಿ ಎತ್ತಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಆಡಿದ. ಮದ್ರಾಸಿನ ಯಾವುದೋ ಕೋಣೆಯಲ್ಲಿ ಬೇರೆ ಯಾರೋ ಕೂತು ನಮ್ಮವರ ಬಾಯಿಗೆ ತಮ್ಮ ಮಾತು ತುಂಬುತ್ತಾರೆಂದು ನಮಗೆ ಹೇಗೆ ಗೊತ್ತಾಗಬೇಕು?

"ಈ ಬಿಸಿಲಲ್ಲಿ ಯಾಕೆ ಹೋದ್ರಿ? ತಲೆಗೆ ಟವಲಾದ್ರೂ ಸುತ್ಕೋಬಾರ್ದಿತ್ತಾ?" ಎಂದ ರಮಣ. ತನ್ನ ಹೆಗಲ ವಸ್ತ್ರದ ತುದಿಯಿಂದ ಸಾಬರ ಹಣೆ ಒರೆಸಿದ.

"ನಿಂದು ಊಟ ಆಯ್ತಾ?" ಎಂದರು ಸಾಬರು.

"ನೀವು ಬರದೆ ನಾನು ಹೇಗೆ ಉಣ್ಣಲಿ?"

"ಅರೆ, ಎಷ್ಟು ದಿನಾ ಅಂತ ಹಿಂಗೆ ಕಾಯ್ತೀ?"

"ನೀವು ಎಷ್ಟು ದಿನ ತಡವಾಗಿ ಬರ್ತೀರೋ ಅಷ್ಟು ದಿನ."

ಅಲ್ಲಿ ನಿಂತು ಕೇಳಿದಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ. ಮನೆಗೆ ಬಂದು ಕೃಷ್ಣಮ್ಮನಿಗೆ ಹೇಳಿದೆ. ಅವಳು ನಕ್ಕು, "ನನ್ನ ಮಾತೇ ಕದ್ದಿದಾನೆ ನಿಮ್ಮ ತಮ್ಮ" ಎಂದಳು. ಅದು ನಿಜವೇ. ಶಾಲೆ ಬಿಟ್ಟು ಮಠದಲ್ಲೋ ಜಗುಲಿಯಲ್ಲೋ ಹರಟೆ ಹೊಡೆದು ಹೊತ್ತುಮೀರಿ ಬಂದ ನನಗೆ ಅವಳು ಇಂಥವೇ ಮಾತು ಆಡುತ್ತಿದ್ದಳು.

ಮಾಲೂರಿನ ಆ ಸಂಜೆ ಚಿತ್ರದಲ್ಲಿ ಆ ಭಾಗ ಹೇಗೆ ಬಂತೆಂದು ಹೇಳಬೇಕು. ಹೀರೋನೂ ಅವನ ಜೊತೆಯ ಹಾಸ್ಯಗಾರನೂ ತೋಟಕ್ಕೆ ಬರುತ್ತಾರೆ. ಗುಡಿಸಲಿನ ಹಿಂದಿನಿಂದ ಒಂದು ದನಿ ಕೇಳುತ್ತದೆ. ಗಂಡಿನದೂ ಅಲ್ಲದ, ಹೆಣ್ಣಿನದೂ ಅಲ್ಲದ, ಮೂಗಿನಲ್ಲಿ ಎಳೆಯುವ ದನಿ. "ಊಂ, ಹೋಗೀಂದ್ರೆ! ಮುಟ್ಟಬೇಡೀಂದ್ರೆ!" ಜೊತೆಗೆ ಗೆಜ್ಜೆಯ ಸದ್ದು. ಟೆಂಟಿನ ಜನವೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ. ಸಿನಿಮಾಗಳಲ್ಲಿ ಅಂಥ ಪಾತ್ರಗಳನ್ನು ಮೊದಲೂ ಕಂಡಿದ್ದೆ. ಎರಡು ನಿಮಿಷ ಬಂದು, ಬಳುಕಿ, ಕೆನ್ನೆಗೆ ಏಟು ತಿಂದು ಹೋಗುವ ಗಂಡಸರು. ಅವರು ಯಾರು, ಅವರಿಗೆ ಮನೆ ಎಲ್ಲಿ ಎಂದು ಕೇಳಬೇಕೆಂದು ತೋರುತ್ತಲೇ ಇರಲಿಲ್ಲ. ನಾಲ್ಕು ತಿಂಗಳ ನಂತರ ನನ್ನ ಬಾಯಿಂದ ಹೊರಟ ಮೊದಲ ನಗು ಅದು.

ಆಮೇಲೆ ಕ್ಯಾಮೆರಾ ಮುಂದಕ್ಕೆ ಬಂತು. ಆ ದನಿ ನನ್ನ ತಮ್ಮನ ಬಾಯಿಂದ ಬರುತ್ತಿತ್ತು.

ಅವನು ಸಾಬರ ಹಣೆ ಒರೆಸಿದ. 'ಟೊಂಯ್' ಎಂದು ಸದ್ದಾಯಿತು. ಸಾಬರು "ನಿಂದು ಊಟ ಆಯ್ತಾ" ಎಂದ ಕಡೆ ಇನ್ನೊಂದು ಗೊಗ್ಗರು ದನಿ, "ಯಾಕೇ ನನ್ನ ಚಿನ್ನ, ಕೋಪಾನಾ?" ಎಂದಿತು. ಹಾಸ್ಯಗಾರ ಕಣ್ಣು ಕಣ್ಣು ಬಿಟ್ಟು, ತನ್ನ ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಓಡಿಹೋದ. ಶಿಳ್ಳೆ, ಚಪ್ಪಾಳೆ. ಪಕ್ಕದವನು ನನ್ನ ತೊಡೆ ತಟ್ಟಿ, "ಏಮಿ ಸ್ವಾಮಿ, ಎಂಗದೆ?" ಎಂದ. ಪರದೆಯ ಮೇಲೆ ಆ ತುಟಿಗಳು ಆಡುತ್ತಿದ್ದವು. "ನೀವು ಎಷ್ಟು ದಿನ ತಡವಾಗಿ ಬರ್ತೀರೋ" ಎಂಬುದನ್ನು ನಾನು ತುಟಿಯಲ್ಲಿ ಓದಿದೆ. ಕಿವಿಗೆ ಬಿದ್ದದ್ದು ಬೇರೆ.

ನಾನು ಎದ್ದು ಹೊರಗೆ ಬಂದೆ. ಗೇಟಿನಲ್ಲಿದ್ದವನನ್ನು ಈ ಚಿತ್ರ ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

"ಕೋಲಾರಕ್ಕೆ ಸ್ವಾಮಿ, ಎರಡು ವಾರ. ಆಮೇಲೆ ಶ್ರೀನಿವಾಸಪುರ ಟೆಂಟು, ಆಮೇಲೆ ಮುಳಬಾಗಿಲು. ಯಾಕೆ, ಇನ್ನೊಂದು ಸಲ ನೋಡ್ತೀರಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ರಮಣನೂ ಸಾಬರೂ ಚಿತ್ರ ಯಾವಾಗ ಬರುತ್ತದೆಂದು ದಿನ ಎಣಿಸುತ್ತಿದ್ದರು. ನನಗಿನ್ನು ಉಳಿದ ಒಬ್ಬನೇ ನಂಟ ಅವನು. ಅವರ ಕಣ್ಣಿಗೆ ಇದು ಬೀಳಬಾರದು ಎಂದುಕೊಂಡೆ. ನನ್ನ ಕಣ್ಣಿಗೂ ಇನ್ನೊಮ್ಮೆ ಬೀಳಬಾರದು ಎಂಬುದು ಅದರ ಒಳಗೇ ಇತ್ತು. ನಾನು ಹದಿನೆಂಟು ವರ್ಷ ನಾಟಕದ ಹುಚ್ಚು ಎಂದು ಮುಚ್ಚಿಟ್ಟದ್ದಕ್ಕೆ ಸಿನಿಮಾ ಬೇರೆ ಒಂದು ಹೆಸರಿಟ್ಟಿತ್ತು. ಊರು ಅದನ್ನು ಕೇಳಿದ ಮೇಲೆ ಹಿಂದಿನ ಹಾಗೆ ಸುಮ್ಮನಿರುವುದು ಯಾರಿಗೂ ಆಗದು.

ಕೋಲಾರದ ಥಿಯೇಟರಿಗೆ ಮೂರು ಸಲ ಹೋದೆ. ಮ್ಯಾನೇಜರು ಕೋದಂಡರಾಮಪ್ಪ ಒಳ್ಳೆಯ ಮನುಷ್ಯ. ಮೊದಲ ಸಲ ಕಾಫಿ ತರಿಸಿದ, ಮೂರನೆಯ ಸಲ ಕೈಮುಗಿದ.

"ನಾನೇನು ಮಾಡ್ಲಿ ಪಂಡಿತರೇ? ಹಾಡು ಬಂದ್ರೆ ಬೀಡಿ ಸೇದೋಕೆ ಎದ್ದು ಹೋಗ್ತಾರೆ. ಆ ಸೀನಿಗೆ ಓಡೋಡಿ ವಾಪಸ್ ಬರ್ತಾರೆ. ಅದನ್ನ ತೆಗೆದ್ರೆ ನನ್ನ ಕುರ್ಚಿ ಮುರೀತಾರೆ."

"ಅವರು ಮರ್ಯಾದಸ್ಥರಪ್ಪ. ಆ ದಿನ ಆಡಿದ ಮಾತೇ ಬೇರೆ."

"ಇರಬೌದು. ಸಿನಿಮಾಗೆ ಬಂದ ಮೇಲೆ ಅದು ಅವರ ಮಾತಲ್ಲ, ನಮ್ಮದೂ ಅಲ್ಲ." ಆಮೇಲೆ ಕೇಳಿದ, "ನಿಮಗೆ ಏನಾಗ್ಬೇಕು ಅವರು?"

"ಗೊತ್ತಿರುವವರು" ಎಂದೆ. ಹೊರಗೆ ಬಂದು ಆ ಉತ್ತರವನ್ನು ನೆನೆದು, ಊಟ ಮಾಡದೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಂಡಕ್ಟರು ಒಬ್ಬ ಹೆಂಗಸಿಗೆ ಚಿಲ್ಲರೆ ಕೊಡುತ್ತ, "ಊಂ, ಮುಟ್ಟಬೇಡೀಂದ್ರೆ!" ಎಂದು ಅದೇ ಮೂಗಿನ ದನಿ ತೆಗೆದ. ಬಸ್ಸೆಲ್ಲ ನಕ್ಕಿತು. ಚಿತ್ರಕ್ಕಿಂತ ಮೊದಲು ಆ ದನಿ ಬಸ್ಸು ಹತ್ತಿ ನಮ್ಮೂರಿಗೆ ಹೊರಟಿತ್ತು.

ಎರಡು ದಿನ ಕಳೆದು ರಮಣ ನಮ್ಮ ಮನೆಗೆ ಬಂದ. ನಾನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಸಾಬರು ಗದರಿಸಿ ಕಳಿಸಿದ್ದರಂತೆ. ಕೂರುತ್ತಲೇ ಹೇಳಿದ:

"ಅಣ್ಣ, ನೀನು ನಕ್ಕು ಎಷ್ಟು ದಿನ ಆಯ್ತು! ಇಲ್ಲಿ ಕೇಳು. ಕಚೇರಿ ಹತ್ರ ಎಲ್ಲರ ಬಾಯಲ್ಲೂ ಇದೇ ಈಗ. ಯಾವುದೋ ಸಿನಿಮಾದಂತೆ."

ಎದ್ದು ನಿಂತ. ಸೊಂಟ ಒಂದು ಕಡೆ ಮಾಡಿದ. "ಊಂ, ಹೋಗೀಂದ್ರೆ! ಮುಟ್ಟಬೇಡೀಂದ್ರೆ!" ಎಂದ.

ನಟನಲ್ಲವೆ, ಸಿನಿಮಾದವನಿಗಿಂತ ಚೆನ್ನಾಗಿ ಮಾಡಿದ. ಮಾಡಿ ತಾನೇ ಬಿದ್ದು ಬಿದ್ದು ನಕ್ಕ. ನಾನು ಗೋಡೆ ಹಿಡಿದುಕೊಂಡೆ.

"ಯಾಕೆ, ಚೆನ್ನಾಗಿಲ್ವಾ?"

"ತಲೆ ತಿರುಗಿತು ಕಣೋ" ಎಂದೆ.

ಆಗಲೇ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ. ಹೊರಡುವಾಗ ಅವನು ಹೇಳಿದ: "ನಮ್ಮ ಪಿಕ್ಚರ್ ಶುಕ್ರವಾರ ಶ್ರೀನಿವಾಸಪುರಕ್ಕೆ ಬರುತ್ತಂತೆ. ನಮ್ಮೂರಿಗೆ ಬರೋ ತನಕ ಯಾರು ಕಾಯ್ತಾರೆ? ನಾವಿಬ್ಬರೂ ಹೋಗ್ತಾ ಇದೀವಿ. ಅತ್ತಿಗೆ ಇದ್ದಿದ್ರೆ ಅವರೇ ಮುಂದೆ ಇರೋರು."

ಶುಕ್ರವಾರ ಅವರಿಗಿಂತ ಮುಂಚೆಯೇ, ಮಧ್ಯಾಹ್ನದ ಬಸ್ಸಿಗೆ ನಾನು ಶ್ರೀನಿವಾಸಪುರಕ್ಕೆ ಹೋದೆ. ಟೆಂಟಿನ ಆಪರೇಟರು ಸುಭಾನ್ ಎಂಬುವನು. ಪೀರ್ ಸಾಬರ ಹತ್ತಿರ ಒಂದು ಕಾಲದಲ್ಲಿ ಹಾರ್ಮೋನಿಯಂ ಕಲಿಯಲು ಬರುತ್ತಿದ್ದವನು, ಆದ್ದರಿಂದ ನನ್ನ ಗುರುತಿತ್ತು. ಡಬ್ಬದಿಂದ ರೀಲು ತೆಗೆದು ಸುತ್ತುತ್ತಿದ್ದ. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದ.

"ಉಸ್ತಾದರು ಅಂತ ನನಗೆ ಬೆಳಗ್ಗೆ ರೀಲ್ ನೋಡಿದಾಗಲೇ ಗೊತ್ತಾಯ್ತು ಪಂಡಿತರೇ. ಆದ್ರೆ ಕತ್ತರಿ ಹಾಕೋಕೆ ಆಗಲ್ಲ. ಡಬ್ಬಾ ಜೊತೆ ಕಂಪನಿ ಮನುಷ್ಯ ಬಂದವ್ನೆ, ಅಡಿ ಅಡಿ ಅಳೀತಾನೆ." ಯೋಚಿಸಿದ. "ಒಂದು ಕೆಲ್ಸ ಮಾಡ್ತೀನಿ. ಆ ಸೀನು ಬಂದಾಗ ಸೌಂಡ್ ಇಳಿಸಿಬಿಡ್ತೀನಿ. ಕೇಳಿದ್ರೆ ವಾಲ್ವ್ ಹೋಯ್ತು ಅಂತೀನಿ. ಎರಡು ನಿಮಿಷ ತಾನೆ?"

ನನಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಮಾತಿಲ್ಲದೆ ಬಂದರೆ ಅವರ ಮುಖ ಮಾತ್ರ ಕಾಣುತ್ತದೆ. ಅವರಿಗೆ ಬೇಕಾದ್ದೂ ಅಷ್ಟೇ ಅಲ್ಲವೆ! ವೆಂಕಟರಮಣ ಸ್ವಾಮಿ ಕೈಬಿಡಲಿಲ್ಲ ಎಂದುಕೊಂಡೆ.

ಮೊದಲನೆಯ ಆಟಕ್ಕೆ ಇಬ್ಬರೂ ಬಂದರು. ರಮಣ ಇಸ್ತ್ರಿ ಮಾಡಿದ ಜುಬ್ಬ ಹಾಕಿದ್ದ. ಸಾಬರು ಅತ್ತರು ಪೂಸಿಕೊಂಡು, ಹಬ್ಬದ ಟೋಪಿ ಇಟ್ಟುಕೊಂಡು ಬಂದಿದ್ದರು. ನನ್ನನ್ನು ಕಂಡು ರಮಣನಿಗೆ ಹಿಗ್ಗು. "ನೋಡಿದ್ರಾ, ಅಣ್ಣ ಹೇಳದೆ ಬಂದ್ಬಿಟ್ಟಿದಾನೆ!" ಬೆಂಚಿನ ಮೇಲೆ ಅವರಿಬ್ಬರೂ, ಅವರ ಹಿಂದೆ ನಾನು ಕೂತೆವು.

ಆ ಭಾಗ ಬಂತು. ಗುಡಿಸಲು ಕಂಡೊಡನೆ ಸದ್ದು ನಿಂತಿತು. ಟೆಂಟಿನ ಬಟ್ಟೆ ಗಾಳಿಗೆ ಪಟಪಟ ಅನ್ನುವುದು ಕೇಳಿಸಿತು. ನಾನು ಉಸಿರು ಬಿಟ್ಟೆ.

"ಸೌಂಡೂ! ಲೇ, ಸೌಂಡೂ!" ಎಂದು ನೆಲದ ಮೇಲಿನ ಜನ ಕೂಗಿತು. ನಾಲ್ಕು ಶಿಳ್ಳೆ. ಆಮೇಲೆ ಯಾರೋ ಒಬ್ಬ, ಕೋಲಾರದಲ್ಲಿ ಚಿತ್ರ ನೋಡಿ ಬಂದವನೇ ಇರಬೇಕು, "ಅದ್ಯಾಕ್ಲಾ ಸೌಂಡು, ನಮಗೆ ಬರಲ್ವಾ?" ಎಂದು, ಆ ಮೂಗಿನ ದನಿ ತೆಗೆದು, "ಊಂ, ಹೋಗೀಂದ್ರೆ!" ಎಂದ. ಎಡಗಡೆಯಿಂದ ಹತ್ತು ಜನ "ಮುಟ್ಟಬೇಡೀಂದ್ರೆ!" ಎಂದರು. ಎರಡು ವಾರದಿಂದ ಬಸ್ಸುಗಳಲ್ಲಿ, ಸಂತೆಯಲ್ಲಿ, ಕಚೇರಿಗಳ ಮುಂದೆ ಕಲಿತ ಪಾಠ ಎಲ್ಲರಿಗೂ ಬಾಯಿಗೆ ಬಂದಿತ್ತು. ಪರದೆಯ ಮೇಲೆ ನನ್ನ ತಮ್ಮ ತುಟಿ ತೆರೆದಾಗ ಐವತ್ತು ಗಂಟಲು ಅವನಿಗೆ ದನಿ ಕೊಟ್ಟವು. ಅವನು ಹಣೆ ಒರೆಸಿದಾಗ ಐವತ್ತು ಗಂಟಲು 'ಟೊಂಯ್' ಎಂದವು. ಸಿನಿಮಾದವರು ಒಂದು ಬಾಯಿಂದ ಮಾಡಿಸಿದ್ದನ್ನು ನಾನು ಊರಿನ ಬಾಯಿಂದ ಮಾಡಿಸಿದ್ದೆ.

ರಮಣನ ಬೆನ್ನು ನನ್ನ ಎದುರಿಗಿತ್ತು. ಮೊದಲು ಅವನು ಆಚೀಚೆ ನೋಡಿದ. ಆಮೇಲೆ ಕತ್ತು ನೆಟ್ಟಗಾಯಿತು. "ಅದು... ಅದು ನಾನಾ?" ಎಂದದ್ದು ನನಗೆ ಕೇಳಿಸಿತು. ಪೀರ್ ಸಾಬರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಅವರು ಎದ್ದು ಹೋಗಲಿಲ್ಲ. ಎದ್ದರೆ ಬೆಳಕಿನಲ್ಲಿ ಗುರುತು ಸಿಗುತ್ತಿತ್ತು. ಚಿತ್ರ ಮುಗಿಯುವವರೆಗೂ ಕೂತೇ ಇದ್ದರು.

ಮೂವರೂ ಬಸ್ ಸ್ಟ್ಯಾಂಡಿಗೆ ಬಂದೆವು. ಮುಳಬಾಗಿಲಿನ ಬಸ್ಸು ನಿಂತಿತ್ತು, ಅದರಾಚೆಗೆ ಕೋಲಾರದ್ದು. ಸಾಬರು ಕೋಲಾರದ ಬಸ್ಸಿನ ಕಡೆಗೆ ತಿರುಗಿದರು.

"ನಾನು ಹೋಳೂರಿಗೆ ಹೋಗ್ತೀನಿ. ಗೌಹರ್ ಮನೆಗೆ" ಎಂದರು. ಗೌಹರ್ ಅವರ ತಂಗಿ.

"ಎಷ್ಟು ದಿನಕ್ಕೆ?" ಎಂದ ರಮಣ.

"ಅದು ನೋಡ್ಬೇಕು. ಸೋಮವಾರ ಈ ಡಬ್ಬಾ ನಮ್ಮೂರಿಗೆ ಬರುತ್ತೆ. ನಾನು ಪಕ್ಕದಲ್ಲಿ ಇಲ್ಲ ಅಂದ್ರೆ ನಿನ್ನ ಒಬ್ಬನ್ನ ನೋಡಿ ಯಾರು ನಗ್ತಾರೆ? ಜೋಡಿ ಇದ್ರೆ ತಾನೆ ತಮಾಷೆ. ನೀನು ಪತ್ರ ಬರೆಯೋ ಮನುಷ್ಯ. ಜನ ನಿನ್ನ ಎದುರು ಬಂದು ಕೂರಬೇಕಲ್ಲ?"

ರಮಣ ನನ್ನ ಕಡೆ ತಿರುಗಿದ. "ಅಣ್ಣ, ಸೌಂಡ್ ನಿಂತಿದ್ದು ನಿನ್ನ ಕೆಲಸವಾ?"

"ಹೌದು."

"ಹಾಗಾದ್ರೆ ಮೊದಲೇ ನೋಡಿದ್ದೆ."

"ಮಾಲೂರಲ್ಲಿ."

"ನಕ್ಕೆಯಾ?"

ದೇವರ ಮುಂದೆ ದಿನಾ ನಿಲ್ಲುವವನು ನಾನು. ಇಲ್ಲ ಎನ್ನುವುದು ಬಹಳ ಸುಲಭವಾಗಿತ್ತು.

"ನಕ್ಕೆ. ನೀನು ಅಂತ ಗೊತ್ತಾಗೋ ಮೊದಲು. ಗೊತ್ತಾದ ಮೇಲೆ ಕೋಲಾರದಲ್ಲಿ ಯಾರೋ ಕೇಳಿದರೆ, ಗೊತ್ತಿರುವವರು ಅಂತ ಮಾತ್ರ ಹೇಳಿದೆ. ಅದು ನಗುವುದಕ್ಕಿಂತ ಕಡೆ."

"ನಾನೂ ನಕ್ಕೆನಲ್ಲ. ನಿನ್ನ ಮನೆಗೆ ಬಂದು ಆಡಿ ತೋರಿಸಿದೆ" ಎಂದ ರಮಣ.

ಕೋಲಾರದ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಸಾಬರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ಇವರು ಹೊರಟುಹೋದರೆ ನಾಳೆಯಿಂದ ಎಲ್ಲ ಸರಿಹೋಗುತ್ತದೆ ಎಂಬ ಮಾತು ನನ್ನ ಮನಸ್ಸಿನಲ್ಲೂ ಸುಳಿಯಿತು, ಸುಳ್ಳು ಹೇಳುವುದಿಲ್ಲ. ರಮಣ ನನ್ನ ಮನೆಗೆ ಬಂದು ಇರಬಹುದು. ಇಬ್ಬರು ಅಣ್ಣತಮ್ಮಂದಿರು, ಯಾರೂ ಏನೂ ಅನ್ನಲಾರರು. ಆದರೆ ರಮಣ ಆಗ ನಿಂತಿದ್ದ ರೀತಿಯನ್ನು ಕಂಡೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ. ಕಾರ್ತಿಕದಲ್ಲಿ ಸ್ಮಶಾನದಿಂದ ಬಂದು ನಮ್ಮ ಮನೆಯ ಹೊಸ್ತಿಲಲ್ಲಿ ನಾನು ಹಾಗೆಯೇ ನಿಂತಿದ್ದೆ.

"ಸಾಬರೇ, ಇಳೀರಿ" ಎಂದೆ.

"ಬೇಡ ಪಂಡಿತರೇ."

"ಇಳೀರಿ ಅಂದೆ. ನೀವು ಹೋದ್ರೆ ಇವನು ಏನಾಗ್ತಾನೆ ಅಂತ ನನಗೆ ಗೊತ್ತು. ನಾಲ್ಕು ತಿಂಗಳಿಂದ ನಾನು ಅದೇ ಆಗಿದೀನಿ. ಊಟ ಮಾಡೋಕೆ ಆಗಲ್ಲ, ಕೂರೋಕೆ ಆಗಲ್ಲ. ನನ್ನದು ದೇವರು ಕೊಟ್ಟ ಕಷ್ಟ. ನೀವು ಇರೋವಾಗಲೇ ಇವನಿಗೆ ಅದನ್ನ ಯಾಕೆ ಕೊಡ್ತೀರಿ?"

ಸುತ್ತ ಜನ ಇದ್ದರು. ನಾನು ದನಿ ತಗ್ಗಿಸಬೇಕಾಗಿತ್ತೇನೋ. ತಗ್ಗಿಸಲಿಲ್ಲ. ನನ್ನ ಹೆಂಡತಿಯ ಜಾಗಕ್ಕೂ ಸಾಬರ ಜಾಗಕ್ಕೂ ನಾನು ಒಂದೇ ಮಾತು ಆಡಿದ್ದೆ. ಆಡಿದ ಮೇಲೆ ನನಗೇ ಅದು ತಿಳಿಯಿತು. ಶಾಸ್ತ್ರಕ್ಕೆ ಅದು ಒಪ್ಪಿಗೆಯೋ ಇಲ್ಲವೋ ಎಂದು ಆಗ ಯೋಚಿಸಲಿಲ್ಲ, ಆಮೇಲೆ ಬಹಳ ಯೋಚಿಸಿದ್ದೇನೆ. ಕೃಷ್ಣಮ್ಮ ಒಪ್ಪುತ್ತಿದ್ದಳು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ.

"ಹತ್ತೋದಾದ್ರೆ ಹತ್ತಯ್ಯ, ಇಳಿಯೋದಾದ್ರೆ ಇಳಿ" ಎಂದ ಕಂಡಕ್ಟರು.

ಸಾಬರು ಇಳಿದರು.

ಸೋಮವಾರ ಚಿತ್ರ ಮುಳಬಾಗಿಲಿಗೆ ಬಂತು. ಏನು ಮಾಡುವುದೆಂದು ಭಾನುವಾರವೆಲ್ಲ ನಾವು ಮೂವರೂ ಮಾತಾಡಿದೆವು. ಬೀಗ ಹಾಕಿಕೊಂಡು ಒಳಗಿರೋಣ ಎಂದೆ ನಾನು. ಕದ ಹಾಕಿದರೆ ಕದದ ಹೊರಗೆ ನಿಂತು ಕೂಗುತ್ತಾರೆ ಎಂದ ರಮಣ. "ನಾಟಕದಲ್ಲಿ ಜನ ಗಲಾಟೆ ಮಾಡಿದ್ರೆ ನಾನು ಒಳಗೆ ಹೋಗಲ್ಲ ಅಣ್ಣ. ಇನ್ನೂ ಎರಡು ಹೆಜ್ಜೆ ಮುಂದೆ ಬರ್ತೀನಿ." ಟೆಂಟಿನಿಂದ ಪೇಟೆಗೆ ಬರುವ ದಾರಿ ಅವರ ಮನೆಯ ಮುಂದೆಯೇ. ಸೋಮವಾರ ಮೊದಲನೆಯ ಆಟ ಬಿಡುವ ಹೊತ್ತಿಗೆ ಗ್ಯಾಸ್‌ಲೈಟ್ ಹಚ್ಚಿ, ಜಗುಲಿಯ ಮೇಲೆ ಚಾಪೆ ಹಾಸಿ, ಇಬ್ಬರೂ ಕೂತರು. ನಾನೂ ಹೋಗಿ ಅವರ ನಡುವೆ ಕೂತೆ.

ಜನ ಬಂದರು. ದೂರದಿಂದಲೇ ಆ ದನಿ ಕೇಳುತ್ತಿತ್ತು. ಮನೆ ಸಮೀಪಿಸಿ ದೀಪ ಕಂಡಾಗ ಕೆಲವರು ಸುಮ್ಮನಾದರು. ಕೆಲವರು ಇನ್ನೂ ಜೋರು ಮಾಡಿದರು. ಒಬ್ಬ ಚಾಪೆಯ ಮುಂದೆಯೇ ಬಂದು ಸೊಂಟ ತಿರುಗಿಸಿದ. ರಮಣ ಅವನನ್ನು ಹೆಸರು ಹಿಡಿದು ಕರೆದ. "ಮುನಿರಾಮಪ್ಪ, ಬಾಯಿ ಚೆನ್ನಾಗಿದೆ. ಕಾಲು ಮಾತ್ರ ತಪ್ಪು. ಎಡಗಾಲು ಮುಂದಿಡಬೇಕು. ನಾಳೆ ಬಾ, ಕಲಿಸ್ತೀನಿ." ಅವನ ಜೊತೆಯವರು ಅವನನ್ನೇ ನೋಡಿ ನಕ್ಕರು. ಅವನು ಏನೋ ಬೈದುಕೊಂಡು ಹೋದ.

ಹೂ ಮಾರುವ ದೊಡ್ಡಮುನಿಯಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಳು. ಮೂವತ್ತು ವರ್ಷದಿಂದ ಇವರ ಒಂದು ನಾಟಕವನ್ನೂ ಬಿಟ್ಟವಳಲ್ಲ.

"ಏನ್ ಸಾಮಿ, ಅದು ನೀವೇ ಅಂತ? ಮುಖ ನೋಡಿದ್ರೆ ನಿಮ್ದೇ, ದನಿ ನೋಡಿದ್ರೆ ಯಾವನದೋ. ನಿಮ್ಮ ದನಿ ನನಗೆ ಗೊತ್ತಿಲ್ವಾ? ಯಾವ ಕಳ್ಳನನ್ಮಗ ಹಾಕ್ದ ಅದನ್ನ?"

"ಮದ್ರಾಸಿನವರು ಹಾಕಿದ್ದು ಕಣಮ್ಮ."

"ಮತ್ತೆ ನೀವೇನಂದಿದ್ರಿ ಅಲ್ಲಿ?"

ರಮಣ ಸಾಬರ ಕಡೆ ನೋಡಿದ. ಸಾಬರು ನೆಲ ನೋಡುತ್ತಿದ್ದರು. ಹೇಳಿದವನು ನಾನು. ತೋಟದಲ್ಲಿ ನಿಂತು ಕೇಳಿದ್ದನ್ನು, ಬಿಸಿಲಿನಿಂದ ಮೊದಲುಮಾಡಿ ಕೊನೆಯವರೆಗೆ, ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದೆ. ದಾರಿಯಲ್ಲಿ ಹೋಗುತ್ತಿದ್ದ ಹತ್ತು ಹನ್ನೆರಡು ಜನ ನಿಂತು ಕೇಳಿದರು. ದೊಡ್ಡಮುನಿಯಮ್ಮ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಇದರಲ್ಲಿ ನಗೋಕೆ ಏನೈತೆ?" ಎಂದು, ಉತ್ತರಕ್ಕೆ ಕಾಯದೆ ಹೋದಳು.

ಮಂಗಳವಾರ ಜಗುಲಿಗೆ ಸಗಣಿ ಬಿತ್ತು. ಬುಧವಾರ ಜಗುಲಿಯ ಹತ್ತಿರ ಯಾರೂ ಬರಲಿಲ್ಲ. ಗುರುವಾರ ರಮಣನ ಹತ್ತಿರ ಪತ್ರ ಬರೆಸಬೇಕಾಗಿದ್ದ ಒಬ್ಬರು ಬೇರೆಯವರ ಹತ್ತಿರ ಹೋದರು, ಇನ್ನೊಬ್ಬರು ಬೇಕೆಂದೇ ಇವನ ಹತ್ತಿರ ಬಂದರು. ಏಳು ದಿನವೂ ಟೆಂಟಿನಲ್ಲಿ ನಗು ಕಡಿಮೆಯಾಗಲಿಲ್ಲ. ದಿನವೂ ದೀಪ ಹಚ್ಚಿ ನಾವು ಕೂರುತ್ತಿದ್ದ ಆ ಜಗುಲಿಯವರೆಗೂ ಕೇಳಿಸುತ್ತಿತ್ತು. ಅದು ಕೇಳಿದಾಗಲೆಲ್ಲ ನನ್ನ ಕಾಲು ಚಪ್ಪಲಿಯನ್ನು ಹುಡುಕುತ್ತಿತ್ತು. ಎದ್ದು ಬಸ್ಸು ಹತ್ತಿ ಎಲ್ಲಿಗಾದರೂ, ಯಾವ ದೇವಸ್ಥಾನಕ್ಕಾದರೂ ಹೋಗಿಬಿಡೋಣ ಅನ್ನಿಸುತ್ತಿತ್ತು.

"ಅಣ್ಣ, ಕಾಲು ಆಡಿಸಬೇಡ, ದೀಪ ಅಲುಗುತ್ತೆ" ಎನ್ನುತ್ತಿದ್ದ ರಮಣ.

ಮಂಡಿಯ ಮೇಲೆ ಎರಡು ಕೈಯನ್ನೂ ಒತ್ತಿ ಹಿಡಿದುಕೊಂಡು, ಆಟ ಬಿಡುವವರೆಗೆ ಅವರಿಬ್ಬರ ನಡುವೆ ಕೂತಿರುತ್ತಿದ್ದೆ.